ಪರದೆಯ ಮೇಲಿನ ಚುಕ್ಕೆ ಹಕ್ಕಿಯೋ, ವೈರಿಯೋ?

ಆಗಸ ಕಾಯುವ ರೇಡಾರುಗಳಿಗೆ ಹಕ್ಕಿಗಳ ಹಿಂಡು ಎಂಟು ದಶಕಗಳ ಹಳೆಯ ತಲೆನೋವು. ಅವನ್ನು ಸೋಸಿ ತೆಗೆಯಲು ರೂಪಿಸಿದ ಜರಡಿಗಳೇ ಡ್ರೋನ್ ಯುಗದಲ್ಲಿ ಹೊಸ ಇಕ್ಕಟ್ಟು ತಂದಿಟ್ಟಿವೆ.

2022ರ ಡಿಸೆಂಬರ್ 26ರಂದು ಉತ್ತರ ಕೊರಿಯಾದ ಐದು ಡ್ರೋನ್‌ಗಳು ಗಡಿ ದಾಟಿ ದಕ್ಷಿಣ ಕೊರಿಯಾದ ವಾಯುಪ್ರದೇಶವನ್ನು ಪ್ರವೇಶಿಸಿದವು. ಯುದ್ಧವಿಮಾನಗಳು, ದಾಳಿ ಹೆಲಿಕಾಪ್ಟರ್‌ಗಳು ಬೆನ್ನಟ್ಟಿದರೂ ಒಂದನ್ನೂ ಹೊಡೆದುರುಳಿಸಲು ಸಾಧ್ಯವಾಗಲಿಲ್ಲ. ಕಾರ್ಯಾಚರಣೆಗೆ ಹೊರಟ ಲಘು ವಿಮಾನವೊಂದು ಪತನಗೊಂಡು, ಪೈಲಟ್‌ಗಳು ಹೊರಜಿಗಿದು ಪಾರಾದರು. ಒಂದು ಡ್ರೋನ್ ಅಧ್ಯಕ್ಷರ ಕಚೇರಿಯ ಸುತ್ತಲಿನ ಹಾರಾಟ ನಿಷೇಧ ವಲಯದ ಅಂಚಿನವರೆಗೂ ಬಂದಿತ್ತೆಂಬುದನ್ನು ಸೇನೆ ಮೊದಲು ಅಲ್ಲಗಳೆದು, 2023ರ ಜನವರಿಯಲ್ಲಿ ಒಪ್ಪಿಕೊಂಡಿತು.

ಅದರ ಮರುದಿನವೇ, ಅಂದರೆ ಡಿಸೆಂಬರ್ 27ರಂದು, ಗಡಿಯ ಸಮೀಪ ಮತ್ತೆ ಅಪರಿಚಿತ ವಸ್ತುಗಳ ಸುಳಿವು ಸಿಕ್ಕಿತು. ಮತ್ತೆ ಯುದ್ಧವಿಮಾನಗಳು ಮೇಲೇರಿದವು. ಗಾಂಗ್‌ಹ್ವಾ ದ್ವೀಪದ ನಿವಾಸಿಗಳ ಮೊಬೈಲ್ ಫೋನುಗಳಿಗೆ ಎಚ್ಚರಿಕೆಯ ಸಂದೇಶ ರವಾನೆಯಾಯಿತು. ಕೊನೆಗೆ ತಿಳಿದುಬಂದದ್ದು ಇಷ್ಟೇ: ಬಂದದ್ದು ಹಕ್ಕಿಗಳ ಹಿಂಡು.

ಮೊದಲ ದಿನ ನಿಜವಾದ ಗುರಿ ಕೈತಪ್ಪಿತು, ಎರಡನೆಯ ದಿನ ಹುಸಿ ಗುರಿಯ ಬೆನ್ನು ಹತ್ತಿದ್ದಾಯಿತು. ಅಲ್ಲಿನ ಸೇನೆಗೆ ಇದು ಹೊಸ ಅನುಭವವೇನೂ ಆಗಿರಲಿಲ್ಲ. 2019ರ ಜುಲೈ 1ರಂದು ಸೇನಾಮುಕ್ತ ವಲಯದ ಬಳಿ ಕಂಡ ಅಪರಿಚಿತ ಚುಕ್ಕೆಗಳ ಬೆನ್ನಟ್ಟಿದ ಪೈಲಟ್‌ಗಳಿಗೆ ಸಿಕ್ಕಿದ್ದೂ ಸುಮಾರು 20 ಹಕ್ಕಿಗಳೇ. ವಾಯು ಕಣ್ಗಾವಲಿನ ರೇಡಾರ್ ತಂತ್ರಜ್ಞಾನವನ್ನು ಆರಂಭದಿಂದಲೂ ಕಾಡುತ್ತಿರುವ ಪ್ರಶ್ನೆಯ ಎರಡು ಮುಖಗಳು ಇವು. ಹಕ್ಕಿಗಳನ್ನು ಪರದೆಯಿಂದ ಅಳಿಸಲು ಹೊರಟರೆ ಕಾಣಲೇಬೇಕಾದದ್ದೂ ಅಳಿಸಿಹೋಗಬಹುದು. ಎಲ್ಲವನ್ನೂ ಉಳಿಸಿಕೊಂಡರೆ ಕಾಣಲೇಬೇಕಾದದ್ದು ಸಂತೆಯಲ್ಲಿ ಕಳೆದುಹೋಗಬಹುದು.

ಯುದ್ಧಕಾಲದ 'ದೇವದೂತರು'

ಎರಡನೇ ಮಹಾಯುದ್ಧದ ದಿನಗಳಲ್ಲಿ ಬ್ರಿಟನ್ನಿನ ಕರಾವಳಿಯ ರೇಡಾರ್ ನಿರ್ವಾಹಕರಿಗೆ ಯಾವ ವಿಮಾನಕ್ಕೂ ಹಡಗಿಗೂ ಹೊಂದಿಕೆಯಾಗದ ಪ್ರತಿಧ್ವನಿಗಳು ಕಾಣಿಸತೊಡಗಿದವು. ಎಲ್ಲಿಂದಲೋ ಬಂದು ನಿಧಾನವಾಗಿ ತೇಲಿ, ಎಲ್ಲಿಗೋ ಮರೆಯಾಗುವ ಈ ಚುಕ್ಕೆಗಳಿಗೆ ನಿರ್ವಾಹಕರು 'ಏಂಜೆಲ್ಸ್', ಅಂದರೆ ದೇವದೂತರು ಎಂದು ಹೆಸರಿಟ್ಟರು. ಸೇನೆಯ ಸಂಶೋಧನಾ ಘಟಕದಲ್ಲಿ ದುಡಿಯುತ್ತಿದ್ದ ಜೀವವಿಜ್ಞಾನಿಗಳಾದ ಡೇವಿಡ್ ಲ್ಯಾಕ್ ಮತ್ತು ಜಿ.ಸಿ. ವಾರ್ಲಿ ಈ ದೇವದೂತರಲ್ಲಿ ಹಲವರಿಗೆ ನಿಜಕ್ಕೂ ರೆಕ್ಕೆಗಳಿವೆ ಎಂಬುದನ್ನು ಗುರುತಿಸಿದರು. ಹಕ್ಕಿಗಳನ್ನು ರೇಡಾರ್ ಪತ್ತೆ ಮಾಡಬಲ್ಲದು ಎಂಬ ಅವರ ವರದಿ 1945ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಎಲ್ಲರೂ ಇದನ್ನು ಒಡನೆಯೇ ಒಪ್ಪಲಿಲ್ಲ. ಇಷ್ಟು ಸಣ್ಣ ಜೀವಿಯಿಂದ ಅಷ್ಟು ಗಟ್ಟಿಯಾದ ಪ್ರತಿಧ್ವನಿ ಬರಲಾರದು, ವಾತಾವರಣದ ತೇವಾಂಶ ಹಾಗೂ ಉಷ್ಣಾಂಶದ ಏರುಪೇರೇ ಇದಕ್ಕೆ ಕಾರಣ ಎಂದು ವಾದಿಸಿದ ಭೌತವಿಜ್ಞಾನಿಗಳಿದ್ದರು. ವಾತಾವರಣ ಮತ್ತು ಕೀಟಗಳಿಂದಲೂ ಇಂಥ ಪ್ರತಿಧ್ವನಿಗಳು ಹುಟ್ಟುತ್ತವೆ ಎಂಬುದು ನಿಜವೇ. ಆದರೆ ಹಕ್ಕಿಗಳ ಪಾತ್ರವನ್ನು ಸಂಶಯಕ್ಕೆಡೆಯಿಲ್ಲದಂತೆ ನಿರೂಪಿಸಿದವರು ಮಾರ್ಕೋನಿ ಕಂಪನಿಯ ಸಂಶೋಧಕ ಎರಿಕ್ ಈಸ್ಟ್‌ವುಡ್ ಮತ್ತು ಅವರ ಸಹೋದ್ಯೋಗಿಗಳು. ಮುಂಜಾನೆ ರೇಡಾರ್ ಪರದೆಯ ಮೇಲೆ ಒಂದು ಬಿಂದುವಿನಿಂದ ಹೊರಟು, ಕೊಳಕ್ಕೆ ಕಲ್ಲೆಸೆದಾಗ ಏಳುವ ಅಲೆಗಳಂತೆ ಒಂದರ ಹಿಂದೊಂದು ಹಿಗ್ಗುತ್ತಿದ್ದ ವಿಚಿತ್ರ ಉಂಗುರಗಳ ಮೂಲವನ್ನು ಅವರು ಬೆನ್ನಟ್ಟಿದರು. ಆ ಬಿಂದು ನಮ್ಮ ಗೊರವಂಕದ ಬಳಗಕ್ಕೆ ಸೇರಿದ ಸ್ಟಾರ್ಲಿಂಗ್ ಹಕ್ಕಿಗಳು ರಾತ್ರಿ ತಂಗುವ ತಾಣವಾಗಿತ್ತು. ಬೆಳಕು ಹರಿಯುತ್ತಿದ್ದಂತೆ ಸಾವಿರಾರು ಹಕ್ಕಿಗಳು ತಂಡತಂಡವಾಗಿ, ಕೆಲವು ನಿಮಿಷಗಳ ಅಂತರದಲ್ಲಿ ಎಲ್ಲ ದಿಕ್ಕಿಗೂ ಚದುರುತ್ತಿದ್ದವು. ಪರದೆಯ ಉಂಗುರಗಳು ಅವೇ. ಈಸ್ಟ್‌ವುಡ್ 1967ರಲ್ಲಿ ಪ್ರಕಟಿಸಿದ 'ರೇಡಾರ್ ಆರ್ನಿಥಾಲಜಿ' ಗ್ರಂಥ ಈ ಕ್ಷೇತ್ರದ ಮೊದಲ ಸಮಗ್ರ ಕೃತಿಗಳಲ್ಲಿ ಒಂದು.

ಹುಸಿ ಗುರಿಗಳು ತರುವ ಹಾನಿ ಕೇವಲ ಗೊಂದಲದಷ್ಟಕ್ಕೇ ನಿಲ್ಲುವುದಿಲ್ಲ. 1943ರ ಜುಲೈ ಕೊನೆಯ ವಾರ ಅಲಾಸ್ಕಾದ ಅಲ್ಯೂಷಿಯನ್ ದ್ವೀಪಗಳ ಬಳಿ ಅಮೆರಿಕದ ಯುದ್ಧನೌಕೆಗಳು ರೇಡಾರ್‌ನಲ್ಲಿ ಕಂಡ ಗುರಿಗಳನ್ನು ಜಪಾನೀ ನೌಕೆಗಳೆಂದು ಬಗೆದು 14 ಅಂಗುಲದ 500ಕ್ಕೂ ಹೆಚ್ಚು ಗುಂಡುಗಳನ್ನು ಸಿಡಿಸಿದವು. ಬೆಳಗಾದ ಮೇಲೆ ನೋಡಿದರೆ ಅಲ್ಲಿ ಒಂದು ನೌಕೆಯ ಅವಶೇಷವೂ ಇರಲಿಲ್ಲ. ಕಡಲ ಮೇಲೆ ದಟ್ಟವಾಗಿ ಹಾರುವ ಶಿಯರ್‌ವಾಟರ್ ಹಕ್ಕಿಗಳ ಹಿಂಡುಗಳೇ ಆ ಗುರಿಗಳಾಗಿದ್ದಿರಬಹುದು ಎಂಬುದು ಈ ಘಟನೆಗೆ ನಂತರ ನೀಡಲಾದ ವಿವರಣೆಗಳಲ್ಲಿ ಒಂದು.

ಪಾರಿವಾಳ ಮತ್ತು ಜಂಬೋ ಜೆಟ್

ಅಂಗೈಯಗಲದ ಹಕ್ಕಿ ಬೃಹತ್ ವಿಮಾನದ ಸಮಕ್ಕೆ ಕಾಣಿಸುವುದಾದರೂ ಹೇಗೆ? ಇದಕ್ಕೆ ಉತ್ತರ ರೇಡಾರಿನ ಮೂಲ ಗಣಿತದಲ್ಲಿದೆ. ರೇಡಾರ್ ರೇಡಿಯೋ ತರಂಗಗಳ ಮಿಡಿತವನ್ನು ಹೊರಗೆ ಕಳುಹಿಸಿ, ವಸ್ತುವಿಗೆ ಬಡಿದು ಮರಳುವ ಪ್ರತಿಧ್ವನಿಯನ್ನು ಆಲಿಸುತ್ತದೆ. ಹೋಗುವಾಗಲೂ ಬರುವಾಗಲೂ ತರಂಗ ಹರಡಿಕೊಂಡು ಕ್ಷೀಣಿಸುವುದರಿಂದ ಪ್ರತಿಧ್ವನಿಯ ಬಲ ದೂರದ ನಾಲ್ಕನೇ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ದೂರ ಎರಡು ಪಟ್ಟಾದರೆ ಪ್ರತಿಧ್ವನಿ 16ನೇ ಒಂದು ಪಾಲಿಗೆ, ಹತ್ತು ಪಟ್ಟಾದರೆ 10,000ದಲ್ಲಿ ಒಂದು ಪಾಲಿಗೆ ಕುಸಿಯುತ್ತದೆ.

ರೇಡಾರಿನ ಕಣ್ಣಿಗೆ ವಸ್ತುವೊಂದು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಚದರ ಮೀಟರ್‌ಗಳಲ್ಲಿ ಅಳೆಯಲಾಗುತ್ತದೆ. ದೊಡ್ಡ ಪ್ರಯಾಣಿಕ ವಿಮಾನಕ್ಕೆ ಇದು ಹತ್ತಾರರಿಂದ 100 ಚದರ ಮೀಟರ್ ಇರಬಹುದು. ಪಾರಿವಾಳದ ಗಾತ್ರದ ಹಕ್ಕಿಗೆ ಒಂದು ಚದರ ಮೀಟರಿನ 100ನೇ ಒಂದು ಭಾಗದ ಆಸುಪಾಸು. ಅಂದರೆ ಇವೆರಡರ ನಡುವೆ 10,000 ಪಟ್ಟು ಅಂತರ. ಮೇಲಿನ ಲೆಕ್ಕದಂತೆ, 10 ಕಿ.ಮೀ. ದೂರದ ಒಂದೇ ಒಂದು ಪಾರಿವಾಳ ಮತ್ತು 100 ಕಿ.ಮೀ. ದೂರದ 100 ಚದರ ಮೀಟರಿನ ವಿಮಾನ, ಇವೆರಡೂ ರೇಡಾರಿಗೆ ನೀಡುವ ಪ್ರತಿಧ್ವನಿ ಸಮಸಮ. ದೂರದ ವಿಮಾನವನ್ನು ಕಾಣುವಷ್ಟು ಚುರುಕಾದ ರೇಡಾರ್ ಹತ್ತಿರದ ಹಕ್ಕಿಯನ್ನೂ ಕಾಣಲೇಬೇಕು.

ಹಕ್ಕಿಗಳು ಒಂಟಿಯಾಗಿ ಹಾರುವುದೂ ಕಡಿಮೆ. ರೇಡಾರ್ ಕಿರಣದ ಅಗಲ 1.5 ಡಿಗ್ರಿ ಎಂದುಕೊಂಡರೆ, 50 ಕಿ.ಮೀ. ದೂರದಲ್ಲಿ ಆ ಕಿರಣ ಸುಮಾರು 1.3 ಕಿ.ಮೀ. ಅಗಲಕ್ಕೆ ಹರಡಿಕೊಂಡಿರುತ್ತದೆ. ಆ ಹರವಿನೊಳಗೆ ಒಟ್ಟಾಗಿ ಹಾರುವ ನೂರು ಪಾರಿವಾಳಗಳು ರೇಡಾರಿಗೆ ಬಿಡಿಬಿಡಿಯಾಗಿ ಕಾಣುವುದಿಲ್ಲ. ಒಟ್ಟು ಸುಮಾರು ಒಂದು ಚದರ ಮೀಟರಿನ ಒಂದೇ ವಸ್ತುವಾಗಿ ಕಾಣುತ್ತವೆ. ಒಂದು ಸಣ್ಣ ವಿಮಾನದ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ.

ಮೊದಲ ಜರಡಿ: ಹತ್ತಿರದ್ದಕ್ಕೆ ಕಿವಿ ಕಡಿಮೆ

ಸಮಸ್ಯೆಯ ಮೂಲ ದೂರವೇ ಆಗಿರುವುದರಿಂದ ಪರಿಹಾರವೂ ಅಲ್ಲಿಂದಲೇ ಆರಂಭವಾಯಿತು. ಮಿಡಿತ ಹೊರಟ ಕೂಡಲೇ ರೇಡಾರ್ ಗ್ರಾಹಕದ ಸೂಕ್ಷ್ಮತೆಯನ್ನು ತಗ್ಗಿಸಿ, ಕಾಲ ಸರಿದಂತೆ ಹಂತಹಂತವಾಗಿ ಏರಿಸುವುದು ಈ ವಿಧಾನ. ಹತ್ತಿರದ ಪ್ರತಿಧ್ವನಿ ಬೇಗ ಮರಳುತ್ತದೆ, ಅದಕ್ಕೆ ಕಿವಿ ಮಂದವಾಗಿರುತ್ತದೆ. ದೂರದ್ದು ತಡವಾಗಿ ಬರುತ್ತದೆ, ಅಷ್ಟರಲ್ಲಿ ಕಿವಿ ಚುರುಕಾಗಿರುತ್ತದೆ. ಸೂಕ್ಷ್ಮತೆಯ ಈ ಏರಿಕೆಯನ್ನು ದೂರದ ನಾಲ್ಕನೇ ಘಾತಕ್ಕೆ ಸರಿಹೊಂದಿಸಿದರೆ, ನಿಗದಿತ ಗಾತ್ರಕ್ಕಿಂತ ಸಣ್ಣದಾದ ವಸ್ತು ಯಾವ ದೂರದಲ್ಲಿದ್ದರೂ ಪರದೆಗೆ ಬರುವುದಿಲ್ಲ. ಒಂಟಿ ಹಕ್ಕಿಗಳ ಬಹುಪಾಲು ಈ ಜರಡಿಯಲ್ಲೇ ಉದುರಿಹೋಗುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಕಣ್ಗಾವಲು ರೇಡಾರಿನ ಆಂಟೆನಾ ತನ್ನ ಶಕ್ತಿಯ ಹೆಚ್ಚಿನ ಪಾಲನ್ನು ದಿಗಂತದ ಕಡೆಗೆ ಬೀರುತ್ತದೆ, ನೆತ್ತಿಯ ಕಡೆಗೆ ಕಡಿಮೆ. ಹತ್ತಿರದಲ್ಲಿ ಬಹು ಎತ್ತರದಲ್ಲಿ ಹಾರುವ ಸಣ್ಣ ವಿಮಾನಕ್ಕೆ ಮೊದಲೇ ಸಿಗುವ ಶಕ್ತಿ ಅಲ್ಪ. ಅದರ ಮೇಲೆ ಕಿವಿಯನ್ನೂ ಮಂದಗೊಳಿಸಿದರೆ ಆ ವಿಮಾನವೇ ಕಾಣೆಯಾದೀತು. ಆದ್ದರಿಂದ ವಿಮಾನ ನಿಲ್ದಾಣಗಳ ಹಲವು ರೇಡಾರುಗಳಲ್ಲಿ ಎರಡು ಕಿರಣಗಳ ವ್ಯವಸ್ಥೆ ಇದೆ. ಹತ್ತಿರದ ಪ್ರತಿಧ್ವನಿಗಳನ್ನು ಮೇಲ್ಮುಖವಾಗಿ ಬಾಗಿಸಿದ ಕಿರಣದಿಂದಲೂ, ದೂರದ್ದನ್ನು ದಿಗಂತ ನೋಡುವ ಕಿರಣದಿಂದಲೂ ಸ್ವೀಕರಿಸಲಾಗುತ್ತದೆ. ನೆಲದ ಕಟ್ಟಡ, ಗುಡ್ಡಗಳ ಜತೆಗೆ ತಗ್ಗಿನಲ್ಲಿ ಹಾರುವ ಹಕ್ಕಿಗಳ ಕಾಟವೂ ಇದರಿಂದ ಕಡಿಮೆಯಾಗುತ್ತದೆ.

ತರಂಗದೂರದ ಆಯ್ಕೆಯೂ ಒಂದು ಜರಡಿಯೇ. ರೇಡಾರಿನ ದೃಷ್ಟಿಯಲ್ಲಿ ಹಕ್ಕಿಯೆಂದರೆ ಬಹುಮಟ್ಟಿಗೆ ನೀರು ತುಂಬಿದ ಚೀಲ, ಗರಿಗಳು ಲೆಕ್ಕಕ್ಕಿಲ್ಲ. ತರಂಗದೂರಕ್ಕಿಂತ ಬಹಳ ಸಣ್ಣದಾದ ವಸ್ತುವಿನ ಪ್ರತಿಧ್ವನಿ ತರಂಗದೂರದ ನಾಲ್ಕನೇ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ವಿಮಾನ ನಿಲ್ದಾಣದ ರೇಡಾರುಗಳು ಸಾಮಾನ್ಯವಾಗಿ ಬಳಸುವ 10 ಸೆಂ.ಮೀ. ತರಂಗದ ಬದಲು ದೂರಗಾಮಿ ರೇಡಾರುಗಳ 23 ಸೆಂ.ಮೀ. ತರಂಗವನ್ನು ಬಳಸಿದರೆ ಅತಿ ಸಣ್ಣ ವಸ್ತುಗಳ ಪ್ರತಿಧ್ವನಿ ತಾತ್ವಿಕವಾಗಿ ಸುಮಾರು 28 ಪಟ್ಟು ತಗ್ಗಬೇಕು. ಬಾತು, ಹದ್ದುಗಳಂಥ ದೊಡ್ಡ ಹಕ್ಕಿಗಳಿಗೆ ಈ ಸೂತ್ರ ಪೂರ್ತಿಯಾಗಿ ಅನ್ವಯಿಸದು. ಈಸ್ಟ್‌ವುಡ್ ಅವರ ಉಂಗುರಗಳು ಕಾಣಿಸಿಕೊಂಡದ್ದೂ 23 ಸೆಂ.ಮೀ. ರೇಡಾರಿನಲ್ಲೇ. ಮೇಲಾಗಿ ತರಂಗದೂರ ಹೆಚ್ಚಿದಂತೆ ಅಷ್ಟೇ ನಿಖರತೆಗೆ ಇನ್ನೂ ದೊಡ್ಡ ಆಂಟೆನಾ ಬೇಕಾಗುತ್ತದೆ.

ವೇಗದಿಂದ ಗುರುತಿಸುವ ಯತ್ನ

ವಿಮಾನ ವೇಗಿ, ಹಕ್ಕಿ ನಿಧಾನಿ. ಹಾಗಾದರೆ ವೇಗವನ್ನೇ ಅಳೆದು ಬೇರ್ಪಡಿಸಬಾರದೇಕೆ ಎಂಬ ಪ್ರಶ್ನೆ ಸಹಜ. ದೂರ ಸರಿಯುವ ರೈಲಿನ ಶಿಳ್ಳೆಯ ಸ್ವರ ಇಳಿಯುವಂತೆ, ಚಲಿಸುವ ವಸ್ತುವಿನಿಂದ ಮರಳುವ ತರಂಗದ ಆವೃತ್ತಿಯೂ ಬದಲಾಗುತ್ತದೆ. ಡಾಪ್ಲರ್ ಪರಿಣಾಮ ಎಂದು ಕರೆಯಲಾಗುವ ಈ ಬದಲಾವಣೆಯನ್ನು ಬಳಸಿ, ಅಲುಗಾಡದ ಗುಡ್ಡ, ಕಟ್ಟಡಗಳನ್ನು ಪರದೆಯಿಂದ ತೆಗೆದುಹಾಕುವ ತಂತ್ರ ಬಹಳ ಹಿಂದೆಯೇ ಬಳಕೆಗೆ ಬಂತು. ಆದರೆ ಹಕ್ಕಿ ಗುಡ್ಡವಲ್ಲ, ಅದು ಚಲಿಸುತ್ತದೆ. ಸ್ಥಿರ ವಸ್ತುಗಳನ್ನು ಸೋಸುವ ಜರಡಿಯನ್ನು ಅದು ಸರಾಗವಾಗಿ ದಾಟಿ ಬರುತ್ತದೆ.

ಜರಡಿಯ ಕಣ್ಣನ್ನು ಹಕ್ಕಿಯ ವೇಗಕ್ಕೂ ಹಿಗ್ಗಿಸಬಹುದು. ಆದರೆ ಇಲ್ಲೊಂದು ತೊಡಕಿದೆ. 10 ಸೆಂ.ಮೀ. ತರಂಗದ ರೇಡಾರೊಂದು ಸೆಕೆಂಡಿಗೆ 1,000 ಮಿಡಿತಗಳನ್ನು ಹೊರಡಿಸುತ್ತದೆ ಎಂದುಕೊಳ್ಳೋಣ. ಅಂಥ ರೇಡಾರ್ 1,000 ಹರ್ಟ್ಜ್ ಅಗಲದ ಒಂದು ಪಟ್ಟಿಯೊಳಗೆ ಮಾತ್ರ ಡಾಪ್ಲರ್ ಬದಲಾವಣೆಯನ್ನು ಗೊಂದಲವಿಲ್ಲದೆ ಅಳೆಯಬಲ್ಲದು. ಅದನ್ನು ಮೀರಿದ ವೇಗಗಳು ಗಡಿಯಾರದ ಮುಳ್ಳು ಹನ್ನೆರಡು ದಾಟಿ ಮತ್ತೆ ಒಂದಕ್ಕೆ ಬಂದಂತೆ ಅದೇ ಪಟ್ಟಿಯೊಳಕ್ಕೆ ಸುತ್ತಿಕೊಳ್ಳುತ್ತವೆ. ಸೆಕೆಂಡಿಗೆ 15 ಮೀಟರ್, ಅಂದರೆ ಗಂಟೆಗೆ 54 ಕಿ.ಮೀ. ವೇಗದಲ್ಲಿ ಹಾರುವ ಹಕ್ಕಿ 300 ಹರ್ಟ್ಜ್‌ನಷ್ಟು ಬದಲಾವಣೆ ತರುತ್ತದೆ. ಹತ್ತಿರ ಬರುವ ಹಕ್ಕಿಗೆ ಒಂದು ಕಡೆ 300, ದೂರ ಹೋಗುವ ಹಕ್ಕಿಗೆ ಇನ್ನೊಂದು ಕಡೆ 300. ಎರಡನ್ನೂ ಅಳಿಸಿದರೆ 1,000ದಲ್ಲಿ 600 ಹರ್ಟ್ಜ್ ಕೈಬಿಟ್ಟಂತಾಯಿತು. ಗಂಟೆಗೆ 720 ಕಿ.ಮೀ. ವೇಗದಲ್ಲಿ ನೇರವಾಗಿ ಬರುವ ವಿಮಾನದ ಬದಲಾವಣೆ 4,000 ಹರ್ಟ್ಜ್. ಅದು ನಾಲ್ಕು ಸುತ್ತು ಹಾಕಿ ಸರಿಯಾಗಿ ಸೊನ್ನೆಯ ಮೇಲೆ ಬಂದು ನಿಲ್ಲುತ್ತದೆ. ಹಕ್ಕಿಗಾಗಿ ಹೂಡಿದ ಬಲೆಗೆ ಬೀಳುವುದು ವಿಮಾನ.

ಮಿಡಿತಗಳ ಲಯವನ್ನು ಆಗಾಗ ಬದಲಿಸುವ ಮೂಲಕ ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸಲಾಗುತ್ತದೆ. ಒಂದು ಲಯದಲ್ಲಿ ಮರೆಯಾದ ವಿಮಾನ ಇನ್ನೊಂದರಲ್ಲಿ ಕಾಣುತ್ತದೆ. ಆದರೂ ರೇಡಾರಿಗೆ ಅಡ್ಡಲಾಗಿ ಹಾದುಹೋಗುವ ವಿಮಾನ ಎಷ್ಟೇ ವೇಗದಲ್ಲಿದ್ದರೂ ಆ ಕ್ಷಣಕ್ಕೆ ರೇಡಾರಿನ ಕಡೆಗೆ ಅದರ ವೇಗ ಸೊನ್ನೆ. ಇನ್ನೊಂದೆಡೆ, ಹಿಂಬದಿಯಿಂದ ಬೀಸುವ ಗಾಳಿ ಸೆಕೆಂಡಿಗೆ 10 ಮೀಟರ್ ಇದ್ದರೆ 15 ಮೀಟರ್ ವೇಗದ ಹಕ್ಕಿ ನೆಲಕ್ಕೆ ಹೋಲಿಸಿದರೆ 25 ಮೀಟರ್ ವೇಗ ಗಳಿಸುತ್ತದೆ. ವಲಸೆ ಹಕ್ಕಿಗಳು ಪಯಣಕ್ಕೆ ಅನುಕೂಲ ಗಾಳಿಯನ್ನೇ ಕಾಯುತ್ತವೆ ಎಂಬುದನ್ನು ಮರೆಯುವಂತಿಲ್ಲ.

1970ರ ದಶಕದಲ್ಲಿ ಅಮೆರಿಕದ ಎಂಐಟಿ ಲಿಂಕನ್ ಪ್ರಯೋಗಾಲಯ ಅಭಿವೃದ್ಧಿಪಡಿಸಿದ ಚಲಿಸುವ ಗುರಿಗಳ ಶೋಧಕ ಈ ದಿಸೆಯಲ್ಲಿ ದೊಡ್ಡ ಹೆಜ್ಜೆ. ಇಡೀ ಪಟ್ಟಿಗೆ ಒಂದೇ ಜರಡಿ ಹಿಡಿಯುವ ಬದಲು ಅದು ವೇಗಗಳನ್ನು ಹಲವು ಕೋಣೆಗಳಾಗಿ ವಿಂಗಡಿಸಿ, ಪ್ರತಿ ಕೋಣೆಗೂ ಪ್ರತ್ಯೇಕ ಮಿತಿ ನಿಗದಿಪಡಿಸಿತು. ಹಕ್ಕಿಗಳು ಹೆಚ್ಚಿರುವ ನಿಧಾನ ವೇಗದ ಕೋಣೆಗಳಲ್ಲಿ ಬಲವಾದ ಪ್ರತಿಧ್ವನಿಯನ್ನು ಮಾತ್ರ ಒಪ್ಪುವುದು, ಉಳಿದೆಡೆ ದುರ್ಬಲವಾದದ್ದನ್ನೂ ಒಪ್ಪುವುದು ಸಾಧ್ಯವಾಯಿತು. ಯಾವ ಪ್ರದೇಶದಲ್ಲಿ ಹುಸಿ ಗುರಿಗಳು ಒಮ್ಮೆಲೇ ಹೆಚ್ಚಾದವೋ ಅಲ್ಲಿ ಮಾತ್ರ ಮಿತಿಯನ್ನು ತಾನಾಗಿ ಏರಿಸಿ, ಹಿಂಡು ಸರಿದ ಮೇಲೆ ಇಳಿಸುವ ವ್ಯವಸ್ಥೆಗಳೂ ಬಂದವು.

ತಾಳ್ಮೆಯೇ ಕೊನೆಯ ಜರಡಿ

ಇಷ್ಟೆಲ್ಲ ಸೋಸಿದ ಮೇಲೂ ಉಳಿಯುವ ಚುಕ್ಕೆಗಳನ್ನು ಗಣಕಯಂತ್ರ ಸುತ್ತಿನಿಂದ ಸುತ್ತಿಗೆ ಪೋಣಿಸಿ, ಚಲನೆಯ ಹಾದಿಯನ್ನು ರಚಿಸುತ್ತದೆ. ವಿಮಾನ ನಿಲ್ದಾಣದ ರೇಡಾರ್ ಸುಮಾರು ಐದು ಸೆಕೆಂಡಿಗೊಮ್ಮೆ ಒಂದು ಸುತ್ತು ತಿರುಗುತ್ತದೆ. ಅಷ್ಟರಲ್ಲಿ ಸೆಕೆಂಡಿಗೆ 200 ಮೀಟರ್ ವೇಗದ ವಿಮಾನ ಒಂದು ಕಿ.ಮೀ. ಸಾಗಿದರೆ, ಹಕ್ಕಿ ಸಾಗುವುದು 75 ಮೀಟರ್. ರೇಡಾರಿನ ಅಳತೆಯಲ್ಲೇ ಅಷ್ಟು ತಪ್ಪಿರಬಹುದಾದ್ದರಿಂದ ಒಂದು ಸುತ್ತಿನಲ್ಲಿ ಏನನ್ನೂ ನಿರ್ಧರಿಸಲಾಗದು. ಹತ್ತು ಸುತ್ತುಗಳವರೆಗೆ ಕಾದರೆ ಹಕ್ಕಿಯ ಹಾದಿ 750 ಮೀಟರ್ ಆಗುತ್ತದೆ, ವೇಗ ಸ್ಪಷ್ಟವಾಗುತ್ತದೆ.

ಆದರೆ ಹತ್ತು ಸುತ್ತು ಎಂದರೆ 50 ಸೆಕೆಂಡ್. ಪ್ರಯಾಣಿಕ ವಿಮಾನದ ವಿಷಯದಲ್ಲಿ ಎರಡು ಮೂರು ಸುತ್ತುಗಳಲ್ಲೇ ತೀರ್ಮಾನವಾಗುವುದರಿಂದ ತೊಂದರೆಯಿಲ್ಲ. ಸೆಕೆಂಡಿಗೆ 40 ಮೀಟರ್ ವೇಗದಲ್ಲಿ ಬರುವ ದಾಳಿ ಡ್ರೋನ್ ಆದರೆ ಯಂತ್ರ ಯೋಚಿಸುತ್ತಿರುವ ಅಷ್ಟು ಹೊತ್ತಿನಲ್ಲಿ ಎರಡು ಕಿ.ಮೀ. ಒಳಗೆ ಬಂದಿರುತ್ತದೆ.

ಕಾಯುವುದಕ್ಕೂ ಒಂದು ಮಿತಿಯಿದೆ. ವಲಸೆಯ ಋತುವಿನಲ್ಲಿ ಸಾವಿರಾರು ಚುಕ್ಕೆಗಳು ಒಮ್ಮೆಲೇ ನುಗ್ಗಿದರೆ, ಯಾವ ಚುಕ್ಕೆಯನ್ನು ಯಾವುದರೊಂದಿಗೆ ಪೋಣಿಸಬೇಕೆಂಬ ಸಾಧ್ಯತೆಗಳೇ ಲಕ್ಷಗಟ್ಟಲೆಯಾಗುತ್ತವೆ. ಹಳೆಯ ಗಣಕಯಂತ್ರಗಳು ಈ ಹೊರೆಗೆ ಕಂಗಾಲಾಗುತ್ತಿದ್ದವು. ಇಂದಿನವು ತಾಳಿಕೊಳ್ಳುತ್ತವೆ, ಆದರೆ ಪರದೆಯ ಮುಂದಿರುವ ಮನುಷ್ಯನ ಸಾಮರ್ಥ್ಯ ಬದಲಾಗಿಲ್ಲ. ಹತ್ತು ಬಾರಿ 'ತೋಳ ಬಂತು' ಎಂದು ಕೇಳಿಸಿಕೊಂಡ ನಿರ್ವಾಹಕ ಹನ್ನೊಂದನೆಯ ಕೂಗನ್ನು ಹಕ್ಕಿಯೆಂದೇ ಬಗೆಯುವ ಅಪಾಯ ಎಲ್ಲ ಕಾಲಕ್ಕೂ ಇದ್ದದ್ದೇ.

ನಾಗರಿಕ ವಿಮಾನಯಾನ ಈ ಕಷ್ಟದಿಂದ ಬಹುಪಾಲು ಪಾರಾದದ್ದು ಬೇರೆಯೇ ದಾರಿಯಲ್ಲಿ. ವಿಮಾನದಲ್ಲಿರುವ ಟ್ರಾನ್ಸ್‌ಪಾಂಡರ್ ಎಂಬ ಉಪಕರಣ, ನೆಲದಿಂದ ಪ್ರಶ್ನೆ ಬಂದಾಗ ತನ್ನ ಗುರುತು ಮತ್ತು ಎತ್ತರವನ್ನು ಉತ್ತರಿಸುತ್ತದೆ. ಹಕ್ಕಿಯ ಬಳಿ ಅಂಥ ಉಪಕರಣವಿಲ್ಲ, ಆದ್ದರಿಂದ ಆ ಪರದೆಯಲ್ಲಿ ಹಕ್ಕಿಯೂ ಇಲ್ಲ. ಆದರೆ 2001ರ ಸೆಪ್ಟೆಂಬರ್ 11ರಂದು ಅಪಹರಣಕಾರರು ನಾಲ್ಕರ ಪೈಕಿ ಮೂರು ವಿಮಾನಗಳ ಟ್ರಾನ್ಸ್‌ಪಾಂಡರ್ ಆರಿಸಿದ್ದರು. 2014ರ ಮಾರ್ಚ್ 8ರಂದು ಕಣ್ಮರೆಯಾದ ಮಲೇಷ್ಯಾದ ಎಂಎಚ್ 370 ವಿಮಾನ ಉತ್ತರಿಸುವುದನ್ನು ನಿಲ್ಲಿಸಿದ ಮೇಲೆ ಅದರ ಜಾಡು ದೊರೆತದ್ದು ಪ್ರತಿಧ್ವನಿಯನ್ನು ನಂಬುವ ಸೇನಾ ರೇಡಾರಿನಲ್ಲಿ. ತನ್ನ ಗುರುತು ಹೇಳಲೊಲ್ಲದ ವಸ್ತುವನ್ನು ಹುಡುಕಬೇಕಾದರೆ ಹಕ್ಕಿಗಳ ನಡುವೆಯೇ ಹುಡುಕಬೇಕು.

ಜರಡಿ ಸಡಿಲಿಸಿದಾಗ ಆದದ್ದೇನು?

ಮಿತಿಗಳನ್ನು ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ 2023ರ ಫೆಬ್ರವರಿ ಒಳ್ಳೆಯ ನಿದರ್ಶನ. ಚೀನಾದ ಬೃಹತ್ ಬಲೂನೊಂದು ಅಮೆರಿಕದ ಮೇಲೆ ಹಾದುಹೋಗಿ, ಫೆಬ್ರವರಿ 4ರಂದು ಅಟ್ಲಾಂಟಿಕ್ ಕರಾವಳಿಯಲ್ಲಿ ಹೊಡೆದುರುಳಿಸಲ್ಪಟ್ಟಿತು. ಅದರ ಬೆನ್ನಿಗೆ ಉತ್ತರ ಅಮೆರಿಕದ ವಾಯು ರಕ್ಷಣಾ ಕಮಾಂಡ್ ತನ್ನ ರೇಡಾರುಗಳ ವೇಗದ ಮಿತಿಯನ್ನು ಸಡಿಲಿಸಿತು. ಅಲ್ಲಿಯವರೆಗೆ ನಿಧಾನ ವಸ್ತುಗಳೆಂದು ಬದಿಗೊತ್ತಲಾಗುತ್ತಿದ್ದ ಚುಕ್ಕೆಗಳು ಪರದೆಗೆ ಬರತೊಡಗಿದವು. ಫೆಬ್ರವರಿ 10ರಂದು ಅಲಾಸ್ಕಾ ಬಳಿ, 11ರಂದು ಕೆನಡಾದ ಯೂಕಾನ್‌ನಲ್ಲಿ, 12ರಂದು ಹ್ಯೂರನ್ ಸರೋವರದ ಮೇಲೆ ಒಂದೊಂದು ವಸ್ತುವನ್ನು ಕ್ಷಿಪಣಿಯಿಂದ ಹೊಡೆಯಲಾಯಿತು. ಇವು ಖಾಸಗಿ ಕಂಪನಿ, ಹವ್ಯಾಸಿಗಳು ಅಥವಾ ಸಂಶೋಧನಾ ಸಂಸ್ಥೆಗಳಿಗೆ ಸೇರಿದ ಬಲೂನುಗಳಾಗಿರುವ ಸಾಧ್ಯತೆಯೇ ಹೆಚ್ಚು ಎಂದು ಅಂದಿನ ಅಧ್ಯಕ್ಷ ಜೋ ಬೈಡನ್ ಆ ತಿಂಗಳ 16ರಂದು ತಿಳಿಸಿದರು.

ಕಮಾಂಡ್‌ನ ಅಂದಿನ ಮುಖ್ಯಸ್ಥ ಜನರಲ್ ಗ್ಲೆನ್ ವ್ಯಾನ್‌ಹೆರ್ಕ್ ಪತ್ರಕರ್ತರಿಗೆ ನೀಡಿದ ವಿವರಣೆಯ ಸಾರವೂ ಇದೇ ಆಗಿತ್ತು. ವೇಗದ ಜರಡಿಯನ್ನು ಬಿಗಿಹಿಡಿದರೆ ನಿಧಾನವಾದ ಸಣ್ಣ ವಸ್ತುಗಳು ಕಾಣುವುದಿಲ್ಲ, ಸಡಿಲಿಸಿದರೆ ಕಾಣುವುದು ಹೆಚ್ಚಾಗುತ್ತದೆ. ಆಕಾಶದಲ್ಲಿ ಇದ್ದದ್ದು ಬದಲಾಗಿರಲಿಲ್ಲ, ಪರದೆಗೆ ಬಿಡುವುದು ಬದಲಾಗಿತ್ತು.

ಡ್ರೋನ್ ತಂದಿರುವ ಇಕ್ಕಟ್ಟು ಇದೇ. ಕೈಯಲ್ಲಿ ಹಿಡಿಯಬಹುದಾದ ಸಣ್ಣ ಡ್ರೋನ್ ರೇಡಾರಿನ ಕಣ್ಣಿಗೆ ಪಾರಿವಾಳದಷ್ಟೇ ದೊಡ್ಡದು. ಅದರ ವೇಗ ಹಕ್ಕಿಯ ವೇಗ, ಅದು ಹಾರುವ ಎತ್ತರ ಹಕ್ಕಿಯ ಎತ್ತರ. ಗಾತ್ರ, ವೇಗ, ಎತ್ತರ ಎಂಬ ಮೂರು ಲಕ್ಷಣಗಳ ಮೇಲೆ ಹಕ್ಕಿಯನ್ನು ಹೊರಗಿಡಲು ದಶಕಗಳ ಕಾಲ ತಿದ್ದಿತೀಡಿದ ಜರಡಿಗಳು ಡ್ರೋನನ್ನೂ ಅಷ್ಟೇ ಸಮರ್ಥವಾಗಿ ಹೊರಗಿಡುತ್ತವೆ.

ರೆಕ್ಕೆ ಬಡಿತ ಮತ್ತು ರೆಕ್ಕೆ ತಿರುಗುವಿಕೆ

ಉಳಿದಿರುವ ಒಂದು ಭರವಸೆಯ ದಾರಿ, ವಸ್ತುವಿನ ಒಳಚಲನೆಯನ್ನು ಗಮನಿಸುವುದು. ಹಕ್ಕಿ ರೆಕ್ಕೆ ಬಡಿಯುತ್ತದೆ. ದೊಡ್ಡ ಹಕ್ಕಿಗಳು ಸೆಕೆಂಡಿಗೆ ಕೆಲವೇ ಬಾರಿ, ಸಣ್ಣ ಹಕ್ಕಿಗಳು ಹತ್ತು ಇಪ್ಪತ್ತು ಬಾರಿ ಬಡಿಯಬಹುದು. ಡ್ರೋನಿನ ರೆಕ್ಕೆಗಳಾದರೋ ಅದಕ್ಕಿಂತ ಹಲವು ಪಟ್ಟು ವೇಗವಾಗಿ ಒಂದೇ ಸಮನೆ ತಿರುಗುತ್ತವೆ. ಒಂದು ಅಲಗು ರೇಡಾರಿನ ಕಡೆಗೆ ಬರುವಾಗ ಇನ್ನೊಂದು ದೂರ ಹೋಗುವುದರಿಂದ, ಮುಖ್ಯ ಪ್ರತಿಧ್ವನಿಯ ಎರಡೂ ಬದಿಗೆ ಸಮಾನಾಂತರದ ಸೂಕ್ಷ್ಮ ಗೆರೆಗಳು ಮೂಡುತ್ತವೆ. ಇದು ಬೆರಳಚ್ಚಿನಂತೆ ವಿಶಿಷ್ಟ.

ಆದರೆ ತಿರುಗುವ ಆಂಟೆನಾಕ್ಕೆ ಈ ಬೆರಳಚ್ಚನ್ನು ಓದುವಷ್ಟು ಪುರುಸೊತ್ತಿಲ್ಲ. ಐದು ಸೆಕೆಂಡಿಗೊಮ್ಮೆ ಸುತ್ತುವ 1.5 ಡಿಗ್ರಿಯ ಕಿರಣ ಒಂದು ವಸ್ತುವಿನ ಮೇಲೆ ನಿಲ್ಲುವುದು ಸುಮಾರು 20 ಮಿಲಿಸೆಕೆಂಡ್ ಮಾತ್ರ. ಸೆಕೆಂಡಿಗೆ ಐದು ಬಾರಿ ರೆಕ್ಕೆ ಬಡಿಯುವ ಹಕ್ಕಿಯ ಒಂದು ಬಡಿತಕ್ಕೆ 200 ಮಿಲಿಸೆಕೆಂಡ್ ಬೇಕು. ಒಂದು ಬಡಿತದ ಹತ್ತನೇ ಒಂದು ಭಾಗವನ್ನಷ್ಟೇ ಕಂಡು ಅದು ಬಡಿತವೆಂದು ಹೇಳಲಾಗದು. ಆದ್ದರಿಂದ ತಿರುಗದೆ, ಎಲ್ಲ ದಿಕ್ಕಿಗೂ ನೆಟ್ಟ ನೋಟದಿಂದ ನೋಡುವ ರೇಡಾರುಗಳತ್ತ ಸಂಶೋಧನೆ ಸಾಗಿದೆ. ಕಿರಣವನ್ನು ಯಂತ್ರದಿಂದ ತಿರುಗಿಸದೆ ವಿದ್ಯುನ್ಮಾನ ವಿಧಾನದಿಂದ ಹೊರಳಿಸುವ ರೇಡಾರುಗಳು ಸಂಶಯ ಹುಟ್ಟಿಸಿದ ಚುಕ್ಕೆಯ ಮೇಲೆ ಇನ್ನಷ್ಟು ಹೊತ್ತು ನೋಟ ನಿಲ್ಲಿಸಬಲ್ಲವು. ರೆಕ್ಕೆ ಬಡಿಯದೆ ತೇಲುವ ಹದ್ದಾಗಲಿ, ಎಂಜಿನ್ ಆರಿಸಿ ಜಾರುವ ಡ್ರೋನಾಗಲಿ ಈ ಪರೀಕ್ಷೆಯಿಂದಲೂ ನುಣುಚಿಕೊಳ್ಳಬಲ್ಲವು. ಹೀಗಾಗಿ ಹಾದಿಯ ಅಂಕುಡೊಂಕು, ಪ್ರತಿಧ್ವನಿಯ ಏರಿಳಿತ, ಕ್ಯಾಮೆರಾದ ದೃಶ್ಯ ಎಲ್ಲವನ್ನೂ ಕೂಡಿಸಿ ತೀರ್ಮಾನಿಸುವ ಗಣಕ ವಿಧಾನಗಳೇ ಈಗ ಮುನ್ನೆಲೆಗೆ ಬಂದಿವೆ.

ಎಸೆಯುವ ಬದಲು ಹೆಸರಿಸುವುದು

ಇಂಥ ವ್ಯವಸ್ಥೆಗಳ ಹಿಂದಿರುವ ಆಲೋಚನೆ ಹಳೆಯದಕ್ಕಿಂತ ಭಿನ್ನ. ಮೊದಲು ಹಕ್ಕಿ ಕಸವಾಗಿತ್ತು, ಬಂದೊಡನೆ ಎಸೆಯಲಾಗುತ್ತಿತ್ತು. ಈಗ ಅದನ್ನು 'ಹಕ್ಕಿ' ಎಂಬ ಹೆಸರಿನಲ್ಲೇ ಉಳಿಸಿಕೊಂಡು, ಪರದೆಯಲ್ಲಿ ತೋರಿಸದಿದ್ದರೂ ಹಿನ್ನೆಲೆಯಲ್ಲಿ ಹಿಂಬಾಲಿಸುವತ್ತ ಒಲವಿದೆ. ಹಕ್ಕಿಯೆಂದು ಗುರುತಿಸಿದ್ದು ಹಕ್ಕಿಯಂತೆ ವರ್ತಿಸದಿದ್ದಾಗ ತೀರ್ಪನ್ನು ಬದಲಿಸಲು ಆಗ ಅವಕಾಶವಿರುತ್ತದೆ.

ಉಳಿಸಿಕೊಂಡದ್ದಕ್ಕೆ ಇನ್ನೊಂದು ಪ್ರಯೋಜನವೂ ಇದೆ. ವಸಂತ ಮತ್ತು ಶರತ್ಕಾಲದ ವಲಸೆಯಲ್ಲಿ ಸುಮಾರು 50 ಕೋಟಿ ಹಕ್ಕಿಗಳು ಹಾದುಹೋಗುವ ಇಸ್ರೇಲ್‌ನಲ್ಲಿ, ಪಕ್ಷಿವಿಜ್ಞಾನಿ ಯೋಸ್ಸಿ ಲೆಶೆಮ್ ಅವರ ಅಧ್ಯಯನದ ಆಧಾರದ ಮೇಲೆ ವಾಯುಪಡೆ ತನ್ನ ಹಾರಾಟದ ಎತ್ತರ ಮತ್ತು ವೇಳೆಯನ್ನು ಹೊಂದಿಸಿಕೊಂಡು, ಹಕ್ಕಿ ಡಿಕ್ಕಿಯ ಅವಘಡಗಳನ್ನು ಗಣನೀಯವಾಗಿ ತಗ್ಗಿಸಿತು. ನೆದರ್ಲೆಂಡ್ಸ್ ವಾಯುಪಡೆಯೂ ಕಣ್ಗಾವಲು ರೇಡಾರಿನಿಂದ ಹಕ್ಕಿಗಳ ಮಾಹಿತಿ ಹೆಕ್ಕುವ ವ್ಯವಸ್ಥೆಯನ್ನು ರೂಪಿಸಿಕೊಂಡಿತು. 2009ರ ಜನವರಿ 15ರಂದು ನ್ಯೂಯಾರ್ಕ್‌ನಲ್ಲಿ ಹೆಬ್ಬಾತುಗಳ ಹಿಂಡಿಗೆ ಡಿಕ್ಕಿಯಾಗಿ ಎರಡೂ ಎಂಜಿನ್‌ಗಳ ಶಕ್ತಿ ಕಳೆದುಕೊಂಡ ವಿಮಾನ ಹಡ್ಸನ್ ನದಿಯ ಮೇಲೆ ಇಳಿದು, ಅದರಲ್ಲಿದ್ದ 155 ಮಂದಿಯೂ ಬದುಕುಳಿದ ಘಟನೆಯ ನಂತರ ಈ ಮಾಹಿತಿಯ ಮೌಲ್ಯವನ್ನು ಬಿಡಿಸಿ ಹೇಳಬೇಕಿಲ್ಲ.

ಬೆಂಗಳೂರಿಗೂ ನಂಟು

ಈ ವಿಷಯಕ್ಕೂ ಕರ್ನಾಟಕಕ್ಕೂ ನೇರ ಸಂಬಂಧವಿದೆ. ದೇಶದ ಸೇನಾ ರೇಡಾರುಗಳ ವಿನ್ಯಾಸದಲ್ಲಿ ಮುಂಚೂಣಿಯಲ್ಲಿರುವ ಡಿಆರ್‌ಡಿಒದ ವಿದ್ಯುನ್ಮಾನ ಮತ್ತು ರೇಡಾರ್ ಅಭಿವೃದ್ಧಿ ಸಂಸ್ಥೆ ಹಾಗೂ ಅವನ್ನು ತಯಾರಿಸುವ ಭಾರತ್ ಎಲೆಕ್ಟ್ರಾನಿಕ್ಸ್, ಎರಡರ ಕೇಂದ್ರವೂ ಬೆಂಗಳೂರೇ. ತಗ್ಗಿನಲ್ಲಿ ಹಾರುವ ಗುರಿಗಳನ್ನು ಪತ್ತೆ ಮಾಡಲು ರೂಪಿಸಿದ 'ಭರಣಿ' ಮತ್ತು 'ಆಶ್ಲೇಷಾ' ಎಂಬ ಹಗುರ ರೇಡಾರುಗಳು ಇಲ್ಲಿಯ ವಿಜ್ಞಾನಿಗಳ ಕೊಡುಗೆ. ತಗ್ಗಿನಲ್ಲಿ ನೋಡುವ ರೇಡಾರಿಗೆ ಹಕ್ಕಿಗಳೊಡನೆ ಮುಖಾಮುಖಿ ತಪ್ಪಿದ್ದಲ್ಲ.

ಎತ್ತರಕ್ಕೆ ಹೋದರೂ ಅದು ತಪ್ಪದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುವ ಹಕ್ಕಿಗಳು. ಈ ಜಾತಿಯ ಹಕ್ಕಿಗಳು 7,000 ಮೀಟರಿಗೂ ಹೆಚ್ಚು ಎತ್ತರದಲ್ಲಿ ಹಾರಿದ್ದು ಅವುಗಳಿಗೆ ಕಟ್ಟಿದ ಉಪಕರಣಗಳಿಂದ ದಾಖಲಾಗಿದೆ. ವಿಮಾನದ ಎತ್ತರದಲ್ಲಿ, ಶಿಸ್ತಿನ ಸಾಲಿನಲ್ಲಿ ಗಡಿ ದಾಟುವ ಇಂಥ ಹಿಂಡನ್ನು ಎತ್ತರವೊಂದರ ಆಧಾರದ ಮೇಲೆ ಹಕ್ಕಿಯೆಂದು ತಳ್ಳಿಹಾಕಲು ಬರುವುದಿಲ್ಲ.

ಪ್ರಶ್ನೆ ಕೇವಲ ತಾತ್ವಿಕವೂ ಅಲ್ಲ. 2021ರ ಜೂನ್ 27ರಂದು ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನ್ ಬಳಸಿ ಸ್ಫೋಟಕ ಬೀಳಿಸಲಾಯಿತು. 2025ರ ಮೇ 8 ಮತ್ತು 9ರ ನಡುವಿನ ರಾತ್ರಿ ಲೇಹ್‌ನಿಂದ ಸರ್ ಕ್ರೀಕ್‌ವರೆಗಿನ 36 ಸ್ಥಳಗಳಲ್ಲಿ ಪಾಕಿಸ್ತಾನ ಸುಮಾರು 300ರಿಂದ 400 ಡ್ರೋನ್‌ಗಳನ್ನು ಬಳಸಿ ನುಸುಳಲು ಯತ್ನಿಸಿತೆಂದು ಭಾರತ ತಿಳಿಸಿತು. ಅಂಥ ರಾತ್ರಿಗಳಲ್ಲಿ ಪ್ರತಿ ಚುಕ್ಕೆಗೂ ಒಂದು ಕ್ಷಿಪಣಿ ಖರ್ಚು ಮಾಡುವಂತಿಲ್ಲ, ಯಾವ ಚುಕ್ಕೆಯನ್ನೂ ಹಕ್ಕಿಯೆಂದು ಸುಮ್ಮನೆ ಬಿಡುವಂತೆಯೂ ಇಲ್ಲ.

ಹುಸಿ ಗುರಿಗಳನ್ನು ಪೂರ್ತಿ ಇಲ್ಲವಾಗಿಸುವ ರೇಡಾರ್ ಇಂದಿಗೂ ಇಲ್ಲ. ಹುಸಿಯನ್ನು ಎಷ್ಟು ಸಹಿಸಬೇಕು, ನಿಜವನ್ನು ಎಷ್ಟರಮಟ್ಟಿಗೆ ಕಳೆದುಕೊಳ್ಳಬಹುದು ಎಂಬುದನ್ನು ಕೊನೆಗೂ ಮನುಷ್ಯರೇ ನಿರ್ಧರಿಸಿ ಯಂತ್ರಕ್ಕೆ ಮಿತಿ ಹಾಕಿಕೊಡುತ್ತಾರೆ. ಶಾಂತಿಯ ದಿನಗಳ ಆಯ್ಕೆ ಬೇರೆ, ಯುದ್ಧದ ದಿನಗಳ ಆಯ್ಕೆ ಬೇರೆ. ವಲಸೆಯ ತಿಂಗಳ ಮಿತಿ ಬೇರೆ, ಉಳಿದ ತಿಂಗಳದ್ದು ಬೇರೆ. ಆ ಮಿತಿಯನ್ನು ಯಾರು, ಯಾವಾಗ, ಏಕೆ ಬದಲಿಸಿದರು ಎಂಬುದು ರೇಡಾರಿನ ಶಕ್ತಿಯಷ್ಟೇ ಮುಖ್ಯ. ದಕ್ಷಿಣ ಕೊರಿಯಾದ ಆ ಎರಡು ದಿನಗಳು ಉಳಿದ ದೇಶಗಳಿಗೆ ಕಲಿಸುವ ಪಾಠವೂ ಇದೇ.